ನಿಯಮ ಯಾರಿಗೆ ಬಾಗುತ್ತದೆ?

ವಿಜ್ಞಾನದಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ, ಅರ್ಹತೆಯೊಂದೇ ಮಾನದಂಡ ಎನ್ನುವುದುಂಟು. ಈ ಮಾತನ್ನು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಚರಿತ್ರೆಯಲ್ಲಿ ಒರೆಗೆ ಹಚ್ಚಿ ನೋಡೋಣ.

1933ರಲ್ಲಿ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೋನಿ) ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ.ಯಲ್ಲಿ ಮೊದಲಿಗರಾಗಿ ಇಲ್ಲಿಗೆ ಅರ್ಜಿ ಹಾಕಿದರು. ನಿರ್ದೇಶಕ ಸರ್ ಸಿ.ವಿ. ರಾಮನ್, ಹೆಣ್ಣೆಂಬ ಕಾರಣಕ್ಕೇ ಬೇಡವೆಂದರು. ಕಮಲಾ ಬೆಂಗಳೂರಿಗೇ ಬಂದು ಹಟ ಹಿಡಿದ ಮೇಲೆ ಪ್ರವೇಶವೇನೋ ಸಿಕ್ಕಿತು, ಆದರೆ ಷರತ್ತುಗಳೊಂದಿಗೆ. ಮೊದಲ ವರ್ಷ ಬರೀ ಪರೀಕ್ಷಾರ್ಥ. ಕೆಲಸ ನಿರ್ದೇಶಕರಿಗೆ ಮೆಚ್ಚಿಗೆಯಾದರಷ್ಟೇ ಮಾನ್ಯತೆ. ಪ್ರಯೋಗಾಲಯದ ಗಂಡಸರ ಗಮನ ಕೆಡಿಸಕೂಡದು. ಗಮನ ಕೆಟ್ಟರೆ ಅದು ಗಂಡಸರ ಅರ್ಹತೆಯ ಕೊರತೆ ಎಂದು ಯಾರಿಗೂ ಹೊಳೆದಂತಿಲ್ಲ! ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ದುಡಿದ ಕಮಲಾ, 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು.

1940ರಲ್ಲಿ ಅದೇ ಸಂಸ್ಥೆಗೆ ಅಣ್ಣಾ ಮಣಿ ಬಂದರು. ಈ ಬಾರಿ ರಾಮನ್ನರೇ ತಮ್ಮ ಪ್ರಯೋಗಾಲಯಕ್ಕೆ ಸೇರಿಸಿಕೊಂಡರು. ವಜ್ರ, ಮಾಣಿಕ್ಯಗಳ ರೋಹಿತ ಹಿಡಿಯಲು ಫೋಟೋ ಫಲಕವನ್ನು ಹದಿನೈದು ಇಪ್ಪತ್ತು ಗಂಟೆ ಬೆಳಕಿಗೊಡ್ಡಬೇಕಿತ್ತು. ಎಷ್ಟೋ ರಾತ್ರಿ ಅವರು ಅಲ್ಲಿಯೇ ಕಳೆದರು. 1942ರಿಂದ 45ರೊಳಗೆ ಒಬ್ಬರೇ ಬರೆದ ಐದು ಪ್ರಬಂಧಗಳು ಪ್ರಕಟವಾದವು. ಆಗ ಸಂಸ್ಥೆಗೆ ಪದವಿ ಕೊಡುವ ಅಧಿಕಾರವಿರಲಿಲ್ಲ. 1945ರಲ್ಲಿ ಮಹಾಪ್ರಬಂಧ ಮದರಾಸು ವಿಶ್ವವಿದ್ಯಾಲಯಕ್ಕೆ ಹೋಯಿತು. ಎಂ.ಎಸ್ಸಿ. ಇಲ್ಲವೆಂದು ಅವರಿಗೆ ಡಾಕ್ಟರೇಟ್ ನಿರಾಕರಿಸಲಾಯಿತು. ಇದೇ ಅಣ್ಣಾ ಮಣಿ ಮುಂದೆ ಭಾರತದ ಹವಾಮಾನ ಇಲಾಖೆಯ ಉಪಮಹಾನಿರ್ದೇಶಕರಾದರು. ಪದವಿ ಮಾತ್ರ ಕೊನೆಗೂ ಬರಲಿಲ್ಲ.

ನಿಯಮ ನಿಯಮವೇ, ಅದರಲ್ಲಿ ಹೆಣ್ಣು ಗಂಡೆಂದು ಬರೆದಿತ್ತೇ ಎಂದು ಕೇಳಬಹುದು. ಬರೆದಿರಲಿಲ್ಲ. ಆದರೆ ಇನ್ನೊಂದು ನಿಯಮದ ಕಥೆ ಕೇಳಿ. ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಪೀಠಕ್ಕೆ ವಿದೇಶದಲ್ಲಿ ತರಬೇತಿ ಪಡೆದಿರಬೇಕೆಂಬ ಕಟ್ಟಳೆಯಿತ್ತು. ಎಂ.ಎ. ಮಾತ್ರ ಓದಿದ್ದ ತರುಣ ರಾಮನ್ ತಾನು ಹೋಗುವುದಿಲ್ಲವೆಂದರು. ಕುಲಪತಿಯಾಗಿದ್ದ ಆಶುತೋಷ್ ಮುಖರ್ಜಿ ಪ್ರತಿಭೆಯನ್ನು ಕಂಡು ಕಟ್ಟಳೆಯನ್ನೇ ಸಡಿಲಿಸಿದರು. 1917ರಲ್ಲಿ ರಾಮನ್ ಪೀಠವೇರಿದರು. 1930ರಲ್ಲಿ ದೇಶಕ್ಕೆ ನೊಬೆಲ್ ಬಂತು.

ಆ ಸಡಿಲಿಕೆ ತಪ್ಪಲ್ಲ, ದೊಡ್ಡತನ. ಆದರೆ ಐದು ಪ್ರಬಂಧ ಬರೆದವಳಿಗಾಗಿ ಮದರಾಸಿನಲ್ಲಿ ಒಬ್ಬ ಆಶುತೋಷ್ ಎದ್ದು ನಿಲ್ಲಲಿಲ್ಲ. ನಮ್ಮಲ್ಲಿ ಹಲವರು ಇಲ್ಲಿನ ವಿಶ್ವವಿದ್ಯಾಲಯಗಳ ಆಯ್ಕೆ ಸಮಿತಿಗಳಲ್ಲಿ ಕೂರುವವರು. ಅಭ್ಯರ್ಥಿಗೆ ಅರ್ಹತೆ ಇದೆಯೇ ಎಂದು ಕೇಳುವಾಗ, ಈ ನಿಯಮ ಹಿಂದೆ ಯಾರಿಗಾಗಿ ಬಾಗಿತ್ತು ಎಂಬುದನ್ನೂ ಕೇಳಿಕೊಳ್ಳಬಹುದಲ್ಲವೇ?