ಇಸ್ರೋ ‘ಸೈಂಟಿಸ್ಟ್/ಎಂಜಿನಿಯರ್’ ಹುದ್ದೆ: ಕಂಪ್ಯೂಟರ್ ಸೈನ್ಸ್ ಲಿಖಿತ ಪರೀಕ್ಷೆಗೆ ಸಿದ್ಧತೆ ಹೇಗೆ?

ಬೆಂಗಳೂರು: ರಾಕೆಟ್ ಎಂದರೆ ಮೆಕ್ಯಾನಿಕಲ್, ಉಪಗ್ರಹ ಎಂದರೆ ಎಲೆಕ್ಟ್ರಾನಿಕ್ಸ್ ಎಂಬ ಭಾವನೆ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಬಹುಕಾಲದಿಂದ ಬೇರೂರಿದೆ. ಆದರೆ ಉಪಗ್ರಹ ಕಕ್ಷೆ ಸೇರಿದ ಮೇಲೆ ಅದರಿಂದ ಬರುವ ಸಂಕೇತಗಳನ್ನು ಓದುವುದು, ಅದಕ್ಕೆ ಆದೇಶ ರವಾನಿಸುವುದು, ಅದು ಕಳುಹಿಸಿದ ಚಿತ್ರಗಳನ್ನು ಸಂಸ್ಕರಿಸಿ ಸಂಗ್ರಹಿಸುವುದು ಇವೆಲ್ಲವೂ ತಂತ್ರಾಂಶದ ಕೆಲಸ. ಆದ್ದರಿಂದಲೇ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ (ಇಸ್ರೋ) ವಿಜ್ಞಾನಿಗಳ ನೇಮಕಾತಿಯಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಜತೆಗೆ ಕಂಪ್ಯೂಟರ್ ಸೈನ್ಸ್ ಪದವೀಧರರಿಗೂ ಪ್ರತ್ಯೇಕ ಪತ್ರಿಕೆ ನಡೆಸುತ್ತ ಬಂದಿದೆ.

2023ರ ಮೇ ತಿಂಗಳ ಪ್ರಕಟಣೆಯಲ್ಲಿದ್ದ 303 ಹುದ್ದೆಗಳ ಪೈಕಿ 47, 2025ರ ಮೇ ತಿಂಗಳ ಪ್ರಕಟಣೆಯ 320 ಹುದ್ದೆಗಳ ಪೈಕಿ 44 ಹುದ್ದೆಗಳು ಕಂಪ್ಯೂಟರ್ ಸೈನ್ಸ್ ವಿಭಾಗಕ್ಕೆ ಮೀಸಲಾಗಿದ್ದವು. ಹುದ್ದೆಯ ಹೆಸರು ‘ಸೈಂಟಿಸ್ಟ್/ಎಂಜಿನಿಯರ್ ಎಸ್‌ಸಿ’. ಇಲ್ಲಿನ ‘ಎಸ್‌ಸಿ’ ಎಂಬುದು ಶ್ರೇಣಿಯ ಸಂಕೇತವೇ ಹೊರತು ಮೀಸಲಾತಿಗೆ ಸಂಬಂಧಿಸಿದ್ದಲ್ಲ. ಹೆಸರು ನೋಡಿಯೇ ತಮಗಲ್ಲವೆಂದು ಪ್ರಕಟಣೆಯನ್ನು ಬದಿಗಿಡಬೇಕಾಗಿಲ್ಲ. ಏಳನೇ ವೇತನ ಆಯೋಗದ ಹತ್ತನೇ ಹಂತದ ಈ ಹುದ್ದೆಯ ಆರಂಭಿಕ ಮೂಲ ವೇತನ 56,100 ರೂಪಾಯಿ.

ವಯಸ್ಸೇ ದೊಡ್ಡ ಅಡ್ಡಿ

ಬಿಇ ಅಥವಾ ಬಿಟೆಕ್‌ನಲ್ಲಿ ಪ್ರಥಮ ದರ್ಜೆಯೊಂದಿಗೆ ಸರಾಸರಿ ಶೇ 65 ಅಂಕ ಅಥವಾ 10ಕ್ಕೆ 6.84 ಸಿಜಿಪಿಎ ಇರಬೇಕೆಂಬುದು ಅರ್ಹತೆಯ ಮೊದಲ ಷರತ್ತು. ಇದಕ್ಕಿಂತ ಹೆಚ್ಚು ಮಂದಿಯನ್ನು ಕಾಡುವುದು ವಯೋಮಿತಿ. 2020ರ ಜನವರಿಯಲ್ಲಿ ನಡೆದ ಪರೀಕ್ಷೆಗೆ ಗರಿಷ್ಠ ವಯಸ್ಸು 35 ಇತ್ತು. 2023ರ ಪ್ರಕಟಣೆಯಲ್ಲಿ ಅದು 28ಕ್ಕೆ ಇಳಿಯಿತು. ಮೀಸಲು ಹುದ್ದೆಗಳಿಗೆ ಹಿಂದುಳಿದ ವರ್ಗದವರಿಗೆ ಮೂರು, ಪರಿಶಿಷ್ಟರಿಗೆ ಐದು ವರ್ಷಗಳ ಸಡಿಲಿಕೆ ಉಂಟು.

ಈ ಏಳು ವರ್ಷಗಳ ಇಳಿಕೆಯ ಅರ್ಥವನ್ನು ಲೆಕ್ಕ ಹಾಕಿ ನೋಡಬೇಕು. 22ನೇ ವಯಸ್ಸಿಗೆ ಪದವಿ ಮುಗಿಸಿದ ವಿದ್ಯಾರ್ಥಿಗೆ ದೊರೆಯುವುದು ಆರು ವರ್ಷ. ಪ್ರಕಟಣೆ ಪ್ರತಿ ವರ್ಷ ಹೊರಡುವುದೂ ಇಲ್ಲ. 2020ರ ಪರೀಕ್ಷೆಯ ನಂತರ ಮುಂದಿನ ದೊಡ್ಡ ಪ್ರಕಟಣೆಗೆ ಅಭ್ಯರ್ಥಿಗಳು 2023ರವರೆಗೆ ಕಾಯಬೇಕಾಯಿತು. ಹೀಗಾಗಿ ಸಾಮಾನ್ಯ ವರ್ಗದ ಅಭ್ಯರ್ಥಿಗೆ ಜೀವಮಾನದಲ್ಲಿ ಎರಡು ಅಥವಾ ಮೂರು ಅವಕಾಶ ಸಿಕ್ಕರೆ ಅದೇ ಹೆಚ್ಚು. ‘ಕೆಲವು ಕಾಲ ಖಾಸಗಿ ಕಂಪನಿಯಲ್ಲಿ ದುಡಿದು ಆಮೇಲೆ ನೋಡೋಣ’ ಎಂಬ ಯೋಜನೆ 2019ರವರೆಗೆ ನಡೆಯುತ್ತಿತ್ತು. ಆನಂತರದ ನಿಯಮದಲ್ಲಿ ಅದಕ್ಕೆ ಎಡೆ ಬಹಳ ಕಡಿಮೆ. ಪ್ರಕಟಣೆ ಬಂದ ಬಳಿಕ ಓದಲು ಕೂರುವವರಿಗಿಂತ, ಏಳನೇ ಸೆಮಿಸ್ಟರ್‌ನಲ್ಲಿಯೇ ಆರಂಭಿಸಿದವರಿಗೆ ಅನುಕೂಲ ಹೆಚ್ಚು. ನಿಗದಿತ ದಿನಾಂಕದೊಳಗೆ ಪದವಿ ದೊರೆಯುವಂತಿದ್ದರೆ ಅಂತಿಮ ವರ್ಷದವರೂ ಅರ್ಜಿ ಸಲ್ಲಿಸಬಹುದಾಗಿದೆ.

ಅರ್ಜಿ ಸಲ್ಲಿಸುವಾಗ ಎಲ್ಲರಿಂದಲೂ 750 ರೂ. ಪಡೆದು, ಪರೀಕ್ಷೆಗೆ ಹಾಜರಾದವರಿಗೆ ಸಾಮಾನ್ಯವಾಗಿ 500 ರೂ., ಶುಲ್ಕ ವಿನಾಯಿತಿ ಇರುವ ಮಹಿಳೆಯರು, ಪರಿಶಿಷ್ಟರು, ಅಂಗವಿಕಲರು ಹಾಗೂ ಮಾಜಿ ಸೈನಿಕರಿಗೆ ಪೂರ್ಣ ಹಣ ಮರಳಿಸುವ ಪದ್ಧತಿಯನ್ನು ಇಸ್ರೋ ಅನುಸರಿಸಿದೆ. ಹಾಜರಾಗದವರಿಗೆ ಹಣ ಮರಳುವುದಿಲ್ಲ. ರಾಜ್ಯದ ಅಭ್ಯರ್ಥಿಗಳಿಗೆ ಬೆಂಗಳೂರಿನಲ್ಲಿ ಪರೀಕ್ಷಾ ಕೇಂದ್ರವಿರುತ್ತದೆ. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರುವುದಿಲ್ಲ.

ಬದಲಾದ ಸ್ವರೂಪ

ಹಳೆಯ ಪದ್ಧತಿಯಲ್ಲಿ 90 ನಿಮಿಷಕ್ಕೆ 80 ಪ್ರಶ್ನೆ. ಸರಿಯುತ್ತರಕ್ಕೆ ಮೂರು ಅಂಕ, ತಪ್ಪಿದರೆ ಒಂದು ಅಂಕ ಕಡಿತ. ಎಲ್ಲವೂ ವಿಷಯಕ್ಕೆ ಸಂಬಂಧಿಸಿದ ಪ್ರಶ್ನೆಗಳೇ. 2023ರ ಪ್ರಕಟಣೆಯಿಂದ ಇದು ಬದಲಾಯಿತು. ಒಟ್ಟು 120 ನಿಮಿಷ, ಎರಡು ಭಾಗ. ಮೊದಲ ಭಾಗದಲ್ಲಿ ವಿಷಯಕ್ಕೆ ಸಂಬಂಧಿಸಿದ 80 ಪ್ರಶ್ನೆ, 80 ಅಂಕ. ತಪ್ಪಿಗೆ ಮೂರನೇ ಒಂದಂಶ ಅಂಕ ಕಡಿತ. ಎರಡನೇ ಭಾಗದಲ್ಲಿ ಸಂಖ್ಯಾ ತರ್ಕ, ಚಿತ್ರ ತರ್ಕ, ಅನುಮಾನ ಮುಂತಾದ ಸಾಮರ್ಥ್ಯ ಪರೀಕ್ಷೆಯ 15 ಪ್ರಶ್ನೆ, 20 ಅಂಕ, ಇಲ್ಲಿ ಕಡಿತವಿಲ್ಲ. ಎರಡೂ ಭಾಗಗಳಲ್ಲಿ ಪ್ರತ್ಯೇಕವಾಗಿ ಕನಿಷ್ಠ ಅಂಕ ಪಡೆಯಲೇಬೇಕು.

ಈ ಕೊನೆಯ ಷರತ್ತನ್ನು ಹಲವರು ಲಘುವಾಗಿ ಪರಿಗಣಿಸುತ್ತಾರೆ. ಕಂಪ್ಯೂಟರ್ ಸೈನ್ಸ್‌ನಲ್ಲಿ ಎಷ್ಟೇ ಪ್ರಬಲರಾಗಿದ್ದರೂ ಎರಡನೇ ಭಾಗದಲ್ಲಿ ಎಡವಿದರೆ ಹೊರಗೇ. ಒಂದು ಪ್ರಶ್ನೆಗೆ ಸರಾಸರಿ ಒಂದಕ್ಕಿಂತ ಹೆಚ್ಚು ಅಂಕವಿರುವ, ಕಡಿತವೂ ಇಲ್ಲದ 15 ಪ್ರಶ್ನೆಗಳನ್ನು ಕೊನೆಯ ಐದು ನಿಮಿಷಕ್ಕೆ ಉಳಿಸಿಕೊಳ್ಳುವುದು ಜಾಣತನವಲ್ಲ. ಇದಕ್ಕೆ ಪ್ರತಿದಿನ ಅರ್ಧ ಗಂಟೆಯ ಅಭ್ಯಾಸ ಎರಡು ತಿಂಗಳು ನಡೆದರೆ ಸಾಕು.

ಮತ್ತೊಂದು ಬದಲಾವಣೆ ಇನ್ನೂ ಮುಖ್ಯ. ಹಿಂದೆ ಲಿಖಿತ ಪರೀಕ್ಷೆ ಕೇವಲ ಜರಡಿಯಾಗಿತ್ತು. ಅಂತಿಮ ಆಯ್ಕೆ ಸಂದರ್ಶನದ ಅಂಕದ ಮೇಲೆ ನಿಂತಿತ್ತು. ಹೊಸ ಪದ್ಧತಿಯಲ್ಲಿ ಲಿಖಿತ ಪರೀಕ್ಷೆ ಮತ್ತು ಸಂದರ್ಶನಕ್ಕೆ ಸಮಪಾಲು. ಒಂದು ಹುದ್ದೆಗೆ ಐವರಂತೆ ಸಂದರ್ಶನಕ್ಕೆ ಕರೆಯುವ ಕ್ರಮದಲ್ಲಿ 44 ಹುದ್ದೆಗಳಿಗೆ ಸುಮಾರು 220 ಮಂದಿ. ಲಿಖಿತ ಪರೀಕ್ಷೆಯಲ್ಲಿ ಹೇಗೋ ಪಾರಾಗಿ ಸಂದರ್ಶನದಲ್ಲಿ ಗೆಲ್ಲುವ ದಾರಿ ಈಗ ಕಿರಿದಾಗಿದೆ.

ಗೇಟ್ ಓದಿದರೆ ಸಾಕೇ?

ಇಸ್ರೋ ಈ ಪತ್ರಿಕೆಗೆ ಗೇಟ್‌ನಂತೆ ಅಧ್ಯಾಯವಾರು ಪಠ್ಯಕ್ರಮ ಪ್ರಕಟಿಸುವುದಿಲ್ಲ. ಹಾಗಾಗಿ ದಾರಿ ತೋರುವುದು ಹಿಂದಿನ ಪ್ರಶ್ನೆಪತ್ರಿಕೆಗಳೇ. 2007ರಿಂದ 2020ರವರೆಗಿನ ಹತ್ತಕ್ಕೂ ಹೆಚ್ಚು ಪತ್ರಿಕೆಗಳು ಅಭ್ಯರ್ಥಿಗಳ ಬಳಕೆಯಲ್ಲಿವೆ. 2017ರಲ್ಲಂತೂ ಮೇ ಮತ್ತು ಡಿಸೆಂಬರ್‌ನಲ್ಲಿ ಎರಡು ಬಾರಿ ಪರೀಕ್ಷೆ ನಡೆದಿತ್ತು. ಇವನ್ನು ತಿರುವಿ ಹಾಕಿದವರಿಗೆ ಗೇಟ್‌ನ ಹಳೆಯ ಪ್ರಶ್ನೆಗಳು ಯಥಾವತ್ತಾಗಿ, ಕೆಲವೊಮ್ಮೆ ಅಂಕಿಯೂ ಬದಲಾಗದೆ ಮರಳಿ ಬಂದಿರುವುದು ಕಾಣುತ್ತದೆ. ಆದ್ದರಿಂದ ಗೇಟ್‌ನ ಹಳೆಯ ಪ್ರಶ್ನೆಗಳನ್ನು ಬಿಡಿಸುವುದೇ ಈ ಪರೀಕ್ಷೆಯ ಬುನಾದಿ ಎಂದರೆ ತಪ್ಪಾಗದು.

ಆದರೆ ಎರಡೂ ಒಂದೇ ಎಂದು ತಿಳಿಯುವುದು ಅಪಾಯ. ಗೇಟ್‌ನಲ್ಲಿ ಮೂರು ಗಂಟೆಗೆ 65 ಪ್ರಶ್ನೆ. ಒಂದೊಂದರ ಮೇಲೂ ಎರಡೂವರೆ ನಿಮಿಷಕ್ಕಿಂತ ಹೆಚ್ಚು ಕಾಲ ಚಿಂತಿಸಬಹುದು. ಇಸ್ರೋದಲ್ಲಿ 95 ಪ್ರಶ್ನೆಗೆ 120 ನಿಮಿಷ, ಅಂದರೆ ತಲಾ 76 ಸೆಕೆಂಡು. ಗೇಟ್ ಆಳವನ್ನು ಪರೀಕ್ಷಿಸುತ್ತದೆ, ಇಸ್ರೋ ವಿಸ್ತಾರ ಮತ್ತು ವೇಗವನ್ನು. ಗೇಟ್‌ನಲ್ಲಿ ಒಳ್ಳೆಯ ಸ್ಥಾನ ಪಡೆದವರೂ ಇಲ್ಲಿ ಸಮಯ ಸಾಲದೆ ಹಿಂದೆ ಬೀಳುವುದಕ್ಕೆ ಇದೇ ಕಾರಣ.

ವಿಷಯದ ಹರವೂ ಬೇರೆ. ಸಾಫ್ಟ್‌ವೇರ್ ಎಂಜಿನಿಯರಿಂಗ್ ಮತ್ತು ವೆಬ್ ತಂತ್ರಜ್ಞಾನ ಗೇಟ್ ಪಠ್ಯಕ್ರಮದಿಂದ 2016ರಲ್ಲಿ ಹೊರಬಿದ್ದವು. ಇಸ್ರೋ ಪತ್ರಿಕೆಗಳಲ್ಲಿ ಇವು ಕಾಣಿಸಿಕೊಂಡಿವೆ. ಕಂಪ್ಯೂಟರ್ ಗ್ರಾಫಿಕ್ಸ್ ಹಾಗೂ 8085 ಮೈಕ್ರೊಪ್ರೊಸೆಸರ್ ಕುರಿತ ಪ್ರಶ್ನೆಗಳೂ ಬಂದಿವೆ. ಗೇಟ್ ಅಭ್ಯರ್ಥಿ ಮುಟ್ಟದ ಈ ಭಾಗಗಳು ಕಷ್ಟದವೇನಲ್ಲ. ಪ್ರೋಗ್ರಾಂ ಒಂದರ ಹರಿವಿನ ನಕ್ಷೆಯಲ್ಲಿ ಗೆರೆಗಳ ಸಂಖ್ಯೆಯಿಂದ ಬಿಂದುಗಳ ಸಂಖ್ಯೆಯನ್ನು ಕಳೆದು ಎರಡು ಕೂಡಿಸಿದರೆ ಸೈಕ್ಲೊಮ್ಯಾಟಿಕ್ ಸಂಕೀರ್ಣತೆ ದೊರೆಯುತ್ತದೆ. ಒಂಬತ್ತು ಗೆರೆ, ಏಳು ಬಿಂದು ಇದ್ದರೆ ಉತ್ತರ ನಾಲ್ಕು. ಸೂತ್ರ ಗೊತ್ತಿದ್ದವರಿಗೆ ಇಪ್ಪತ್ತು ಸೆಕೆಂಡು, ಗೊತ್ತಿಲ್ಲದವರಿಗೆ ಒಂದು ಅಂಕ ನಷ್ಟ. ಬಿಇ ತರಗತಿಯ ಟಿಪ್ಪಣಿಗಳನ್ನು ಹಳೆ ಪೇಪರ್‌ನವನಿಗೆ ಹಾಕುವ ಮುನ್ನ ಒಮ್ಮೆ ಯೋಚಿಸುವುದು ಲೇಸು.

ಯಾವುದಕ್ಕೆ ಹೆಚ್ಚು ಸಮಯ?

ಆಪರೇಟಿಂಗ್ ಸಿಸ್ಟಂ, ಕಂಪ್ಯೂಟರ್ ನೆಟ್‌ವರ್ಕ್, ಕಂಪ್ಯೂಟರ್ ಆರ್ಗನೈಸೇಶನ್, ಡಾಟಾ ಸ್ಟ್ರಕ್ಚರ್, ಡಾಟಾಬೇಸ್ ಈ ಐದನ್ನು ಪತ್ರಿಕೆಯ ಬೆನ್ನೆಲುಬು ಎನ್ನಬಹುದು. ಇವುಗಳಲ್ಲಿ ಪ್ರಶ್ನೆಯ ರೂಪಗಳು ಸೀಮಿತ. ಅಭ್ಯಾಸ ಮಾಡಿದಷ್ಟೂ ಫಲ. 24 ಬಿಟ್‌ಗಳ ಜಾಲವೊಂದನ್ನು 26 ಬಿಟ್‌ಗಳ ಉಪಜಾಲಗಳಾಗಿ ಒಡೆದರೆ ನಾಲ್ಕು ಉಪಜಾಲ, ಒಂದೊಂದರಲ್ಲಿ 64 ವಿಳಾಸ, ಮೊದಲನೆಯದನ್ನೂ ಕೊನೆಯದನ್ನೂ ಬಿಟ್ಟರೆ ಯಂತ್ರಗಳಿಗೆ 62. ಐದು ಹಂತದ ಪೈಪ್‌ಲೈನ್‌ನಲ್ಲಿ ಅಡೆತಡೆಯಿಲ್ಲದೆ ನೂರು ಆದೇಶಗಳು ಮುಗಿಯಲು 104 ಆವರ್ತ. ಇಂಥವು ನಾಲಿಗೆಯ ತುದಿಯಲ್ಲಿ ಇರಬೇಕು.

ಬಾಯಿಪಾಠ ಮಾಡಿದವರನ್ನು ಬೀಳಿಸುವ ಪ್ರಶ್ನೆಗಳೂ ಇವೆ. ಸ್ಮೃತಿಯಲ್ಲಿ ಪುಟಗಳಿಗೆ ಜಾಗ ಹೆಚ್ಚಿಸಿದರೆ ಪುಟ ಸಿಗದಿರುವ ಪ್ರಸಂಗಗಳು ಕಡಿಮೆಯಾಗಬೇಕು ಎಂಬುದು ಸಹಜ ನಿರೀಕ್ಷೆ. ಆದರೆ 1, 2, 3, 4, 1, 2, 5, 1, 2, 3, 4, 5 ಎಂಬ ಕ್ರಮದಲ್ಲಿ ಪುಟಗಳನ್ನು ಕೇಳಿದಾಗ, ಮೊದಲು ಬಂದದ್ದನ್ನು ಮೊದಲು ಹೊರಹಾಕುವ ಫಿಫೋ ವಿಧಾನದಲ್ಲಿ ಮೂರು ಚೌಕಟ್ಟಿದ್ದರೆ ಒಂಬತ್ತು ಬಾರಿ, ನಾಲ್ಕು ಚೌಕಟ್ಟಿದ್ದರೆ ಹತ್ತು ಬಾರಿ ಪುಟ ತಪ್ಪುತ್ತದೆ. ಇದೇ ಬೆಲಾಡಿ ವೈಚಿತ್ರ್ಯ. ಬಹುಕಾಲ ಬಳಸದ ಪುಟವನ್ನು ಹೊರಹಾಕುವ ವಿಧಾನದಲ್ಲಿ ಹೀಗಾಗದು. ಅಲ್ಲಿ ಲೆಕ್ಕ ಹತ್ತರಿಂದ ಎಂಟಕ್ಕೆ ಇಳಿಯುತ್ತದೆ. ಹಾಳೆಯ ಮೇಲೆ ಒಮ್ಮೆ ಬರೆದು ನೋಡಿದವರು ಇದನ್ನು ಮರೆಯುವುದಿಲ್ಲ. ವಿಡಿಯೊ ಪಾಠ ನೋಡಿ ತಲೆಯಾಡಿಸಿದವರು ಮರೆಯುತ್ತಾರೆ.

ಥಿಯರಿ ಆಫ್ ಕಂಪ್ಯುಟೇಶನ್ ಮತ್ತು ಕಂಪೈಲರ್‌ಗೆ ಹೆದರುವವರು ಹೆಚ್ಚು. ಇವುಗಳನ್ನು ಸಂಪೂರ್ಣ ಕೈಬಿಡುವುದು ಬೇಡ. ಯಾವ ಭಾಷೆ ಯಾವ ವರ್ಗಕ್ಕೆ ಸೇರುತ್ತದೆ, ಪಾರ್ಸರ್‌ಗಳ ಬಲಾಬಲ ಏನು ಎಂಬಷ್ಟನ್ನು ಗಟ್ಟಿ ಮಾಡಿಕೊಂಡರೂ ಪ್ರಯೋಜನವಿದೆ. ಸಿ ಭಾಷೆಯ ಪಾಯಿಂಟರ್ ಮತ್ತು ರಿಕರ್ಶನ್ ಕುರಿತ ತುಣುಕುಗಳನ್ನು ಕಂಪ್ಯೂಟರಿನಲ್ಲಿ ಓಡಿಸದೆ ಕೈಯಿಂದಲೇ ಬಿಡಿಸುವ ಅಭ್ಯಾಸ ಬೇಕು. ಪರೀಕ್ಷಾ ಕೊಠಡಿಯಲ್ಲಿ ಕಂಪೈಲರ್ ಇರುವುದಿಲ್ಲವಷ್ಟೆ.

ಪುಸ್ತಕಗಳ ವಿಷಯದಲ್ಲಿ ಹೊಸದನ್ನು ಹುಡುಕುವ ಅಗತ್ಯವಿಲ್ಲ. ಆಪರೇಟಿಂಗ್ ಸಿಸ್ಟಂಗೆ ಗ್ಯಾಲ್ವಿನ್, ಡಾಟಾಬೇಸ್‌ಗೆ ಕೋರ್ತ್, ನೆಟ್‌ವರ್ಕ್‌ಗೆ ಟ್ಯಾನೆನ್‌ಬಾಮ್ ಅಥವಾ ಫೊರೌಜಾನ್, ಡಿಜಿಟಲ್ ಲಾಜಿಕ್‌ಗೆ ಮೋರಿಸ್ ಮಾನೋ, ಆಲ್ಗರಿದಂಗೆ ಕಾರ್ಮೆನ್ ಇವೆಲ್ಲವೂ ಎಂಜಿನಿಯರಿಂಗ್ ಕಾಲೇಜುಗಳ ಗ್ರಂಥಾಲಯಗಳಲ್ಲಿ ಸಿಗುವಂಥವು. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರ ಎನ್‌ಪಿಟಿಇಎಲ್ ಉಪನ್ಯಾಸಗಳು ಉಚಿತ. ದುಬಾರಿ ತರಬೇತಿ ಕೇಂದ್ರಕ್ಕೆ ಸೇರಲು ಹಣವಿಲ್ಲವೆಂದು ಕೊರಗಬೇಕಾದ ಪರೀಕ್ಷೆ ಇದಲ್ಲ. ತರಬೇತಿ ಕೇಂದ್ರ ಕೊಡುವುದು ಬಹುಮಟ್ಟಿಗೆ ಶಿಸ್ತನ್ನು, ವಿಷಯವನ್ನಲ್ಲ.

ಊಹೆಯ ಲೆಕ್ಕಾಚಾರ

‘ಗೊತ್ತಿಲ್ಲದಿದ್ದರೆ ಬಿಟ್ಟುಬಿಡಿ’ ಎಂಬ ಸಾಮಾನ್ಯ ಸಲಹೆಯನ್ನು ಇಲ್ಲಿ ಕುರುಡಾಗಿ ಪಾಲಿಸುವಂತಿಲ್ಲ. ನಾಲ್ಕು ಆಯ್ಕೆಗಳ 30 ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಉತ್ತರಿಸಿದರೆ ಸರಾಸರಿ ಏಳೂವರೆ ಸರಿ, ಇಪ್ಪತ್ತೆರಡೂವರೆ ತಪ್ಪು. ಬಂದದ್ದು ಏಳೂವರೆ ಅಂಕ, ಹೋದದ್ದೂ ಏಳೂವರೆ. ಲಾಭವೂ ಇಲ್ಲ, ನಷ್ಟವೂ ಇಲ್ಲ. ಪ್ರತಿ ಪ್ರಶ್ನೆಯಲ್ಲಿ ಒಂದು ಆಯ್ಕೆ ಖಂಡಿತ ತಪ್ಪೆಂದು ತಿಳಿದರೆ ಲೆಕ್ಕ ಬದಲಾಗುತ್ತದೆ: ಹತ್ತು ಸರಿ, ಇಪ್ಪತ್ತು ತಪ್ಪು, ನಿವ್ವಳ ಮೂರು ಅಂಕಕ್ಕಿಂತ ತುಸು ಹೆಚ್ಚು. ಎರಡು ಆಯ್ಕೆಗಳನ್ನು ತೆಗೆದುಹಾಕಬಲ್ಲವರಿಗೆ ಅದೇ 30 ಪ್ರಶ್ನೆಗಳಿಂದ ಸರಾಸರಿ ಹತ್ತು ಅಂಕ.

ಕೆಲವೇ ಅಂಕಗಳ ಅಂತರದಲ್ಲಿ ನೂರಾರು ಮಂದಿ ಇರುವ ಪರೀಕ್ಷೆಯಲ್ಲಿ ಇದು ಸಣ್ಣ ಮೊತ್ತವಲ್ಲ. ಆದರೆ ‘ತೆಗೆದುಹಾಕಿದೆ’ ಎನ್ನುವುದಕ್ಕೆ ನಿಜವಾದ ಕಾರಣವಿರಬೇಕು, ಮನಸ್ಸಿಗೆ ಹಾಗನ್ನಿಸಿತು ಎಂಬುದು ಸಾಲದು. ಮಾದರಿ ಪರೀಕ್ಷೆಗಳಲ್ಲಿ ಊಹಿಸಿದ ಉತ್ತರಗಳಿಗೆ ಗುರುತು ಹಾಕಿ, ಎಷ್ಟು ಸರಿಯಾಯಿತೆಂದು ಪ್ರತ್ಯೇಕವಾಗಿ ಎಣಿಸುವ ರೂಢಿ ಒಳ್ಳೆಯದು. ನಾಲ್ಕಾರು ಪರೀಕ್ಷೆಗಳ ನಂತರ ತನ್ನ ಊಹೆಯನ್ನು ಎಷ್ಟು ನಂಬಬಹುದೆಂಬುದು ಅಭ್ಯರ್ಥಿಗೇ ತಿಳಿಯುತ್ತದೆ.

ಉದ್ಯೋಗದಲ್ಲಿ ಇರುವವರಿಗೆ

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ದುಡಿಯುತ್ತಲೇ ಓದುವವರಿಗೆ ವಾರದ ದಿನಗಳಲ್ಲಿ ಎರಡು ಗಂಟೆ, ಶನಿವಾರ ಭಾನುವಾರ ಐದೈದು ಗಂಟೆ ದೊರೆತರೆ ವಾರಕ್ಕೆ 20 ಗಂಟೆ. ಆರು ತಿಂಗಳಿಗೆ ಸುಮಾರು 500 ಗಂಟೆ. ಒಮ್ಮೆ ಓದಿ ಮರೆತಿರುವ ವಿಷಯಗಳಿಗೆ ಇದು ಸಾಕಾಗುತ್ತದೆ. ಕೊನೆಯ ಆರು ವಾರ ಹೊಸದನ್ನು ಓದದೆ, ಗಡಿಯಾರ ಮುಂದಿಟ್ಟುಕೊಂಡು ಹಳೆಯ ಪತ್ರಿಕೆಗಳನ್ನು ಬಿಡಿಸುವುದಕ್ಕೇ ಇಡಬೇಕು. ನೌಕರಿಗೆ ರಾಜೀನಾಮೆ ಕೊಟ್ಟು ಓದಲು ಕೂರುವವರೂ ಇದ್ದಾರೆ. ಪ್ರಕಟಣೆಯ ದಿನವೇ ನಿಶ್ಚಿತವಿಲ್ಲದ, 44 ಹುದ್ದೆಗಳ ಪರೀಕ್ಷೆಗಾಗಿ ಅಂಥ ನಿರ್ಧಾರ ಕೈಗೊಳ್ಳುವುದು ಸೂಕ್ತವೆನಿಸದು. ಇದೇ ಸಿದ್ಧತೆಯಿಂದ ಗೇಟ್ ಬರೆಯುವುದು ಹೆಚ್ಚು ವಿವೇಕದ ಹೆಜ್ಜೆ. ಗೇಟ್ ಅಂಕ ಮೂರು ವರ್ಷ ಊರ್ಜಿತವಾಗಿರುತ್ತದೆ, ಅದನ್ನು ಆಧರಿಸಿ ನೇಮಿಸಿಕೊಳ್ಳುವ ಸಾರ್ವಜನಿಕ ಉದ್ಯಮಗಳಿವೆ. ಇಸ್ರೋ ಕೂಡ 2025ರ ಏಪ್ರಿಲ್‌ನಲ್ಲಿ ಲಿಖಿತ ಪರೀಕ್ಷೆಯಿಲ್ಲದೆ, ಗೇಟ್ ಅಂಕದ ಆಧಾರದಲ್ಲಿ ಸಂದರ್ಶನಕ್ಕೆ ಕರೆಯುವ 63 ಹುದ್ದೆಗಳನ್ನು ಪ್ರಕಟಿಸಿತ್ತು. ಅದರಲ್ಲಿ ಎಂಟು ಕಂಪ್ಯೂಟರ್ ಸೈನ್ಸ್‌ನವು.

ಸಂದರ್ಶನಕ್ಕೆ ಕರೆ ಬಂದವರು ಬಿಇ ಅಂತಿಮ ವರ್ಷದ ಪ್ರಾಜೆಕ್ಟ್‌ನಿಂದಲೇ ಸಿದ್ಧತೆ ತೊಡಗುವುದು ಒಳಿತು. ಅಂಗಡಿಯಿಂದ ಕೊಂಡು ತಂದ ಪ್ರಾಜೆಕ್ಟ್ ಆಗಿದ್ದರೆ ಎರಡನೇ ಪ್ರಶ್ನೆಯ ಹೊತ್ತಿಗೆ ಗುಟ್ಟು ರಟ್ಟಾಗುತ್ತದೆ. ನೆಚ್ಚಿನ ವಿಷಯ ಯಾವುದೆಂದು ಕೇಳಿದಾಗ ಹೇಳುವ ಎರಡು ವಿಷಯಗಳನ್ನು ಮೊದಲೇ ನಿರ್ಧರಿಸಿ, ಅವುಗಳ ಮೂಲ ಸೂತ್ರಗಳನ್ನು ಫಲಕದ ಮೇಲೆ ಬರೆದು ವಿವರಿಸುವಷ್ಟು ಹಿಡಿತ ಸಾಧಿಸಿಕೊಂಡಿರಬೇಕು. ಹಾಸನದ ಮುಖ್ಯ ನಿಯಂತ್ರಣ ಕೇಂದ್ರ, ಪೀಣ್ಯದ ಇಸ್ಟ್ರ್ಯಾಕ್, ಬ್ಯಾಲಾಳುವಿನ 32 ಮೀಟರ್ ಆಂಟೆನಾ, ಹೈದರಾಬಾದಿನ ದೂರಸಂವೇದಿ ಕೇಂದ್ರ ಇವುಗಳಲ್ಲಿ ಕಂಪ್ಯೂಟರ್ ಎಂಜಿನಿಯರ್‌ನ ಪಾತ್ರವೇನು ಎಂಬುದೂ ತಿಳಿದಿರಲಿ. ನೇಮಕಾತಿ ಇವುಗಳಲ್ಲಿ ಯಾವ ಕೇಂದ್ರಕ್ಕಾದರೂ ಆಗಬಹುದು, ಬೆಂಗಳೂರಿಗೇ ಎಂಬ ಖಾತರಿಯಿಲ್ಲ.