ಫ್ಯಾರಡೆಯ ಕ್ಲೋರಿನ್ ಹರಳು: ಭೌತ–ರಾಸಾಯನಿಕ ಗಡಿಯ ಮರುಪರಿಶೀಲನೆ

ಹೊಸ ವಸ್ತು ಹುಟ್ಟಿದರೆ ರಾಸಾಯನಿಕ ಬದಲಾವಣೆ, ಹುಟ್ಟದಿದ್ದರೆ ಭೌತ ಬದಲಾವಣೆ. ಎರಡನೆಯದನ್ನು ಸುಲಭವಾಗಿ ಹಿಂದಿರುಗಿಸಬಹುದು, ಮೊದಲನೆಯದನ್ನು ಆಗದು. ಏಳನೆಯ ತರಗತಿಯ ವಿಜ್ಞಾನದ ಈ ಪಾಠ ಮಂಜುಗಡ್ಡೆ, ತುಕ್ಕುಗಳ ಮಟ್ಟಿಗೆ ತಕರಾರಿಲ್ಲದೆ ನಡೆಯುತ್ತದೆ. ಆದರೆ 1823ರಲ್ಲಿ ಲಂಡನ್ನಿನ ಆಲ್ಬೆಮಾರ್ಲ್ ಬೀದಿಯ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮೈಕೇಲ್ ಫ್ಯಾರಡೆ ಕಂಡದ್ದು ಈ ಲೆಕ್ಕಕ್ಕೆ ಸಿಗುವುದಿಲ್ಲ.

ಕ್ಲೋರಿನ್ ಬೆರೆತ ನೀರನ್ನು ತಣಿಸಿದರೆ ಹಳದಿ ಹರಳುಗಳು ಮೂಡುತ್ತವೆ. ಅವನ್ನು ಘನ ಕ್ಲೋರಿನ್ ಎಂದೇ ಬಹುಕಾಲ ತಿಳಿಯಲಾಗಿತ್ತು. ಒಣ ಕ್ಲೋರಿನ್ ಅಷ್ಟೇ ತಣಿಸಿದರೆ ಹಾಗೆ ಹೆಪ್ಪುಗಟ್ಟದು, ಹರಳಿಗೆ ನೀರೂ ಬೇಕು ಎಂದು ಹಂಫ್ರಿ ಡೇವಿ ತೋರಿಸಿದರು. ಫ್ಯಾರಡೆ ಅದನ್ನು ವಿಶ್ಲೇಷಿಸಿ, ನೂರು ಪಾಲಿನಲ್ಲಿ 27.7 ಪಾಲು ಕ್ಲೋರಿನ್, ಉಳಿದದ್ದು ನೀರು ಎಂದು ಬರೆದು, ನಿಯತ ಪ್ರಮಾಣದ ಸಂಯುಕ್ತವೆಂದು ಪರಿಗಣಿಸಿದರು. ಇಂದಿನ ಲೆಕ್ಕದಲ್ಲಿ ಒಂದು ಕ್ಲೋರಿನ್ ಅಣುವಿಗೆ ಸುಮಾರು ಹತ್ತು ನೀರಿನ ಅಣು. ನನ್ನ ಭಿನ್ನಾಭಿಪ್ರಾಯವಿರುವುದು ಇದನ್ನು ಸಂಯುಕ್ತವೆಂದು ಪರಿಗಣಿಸುವಲ್ಲಿ.

ಹೀರುಕಾಗದದಲ್ಲಿ ಒತ್ತಿ ಒಣಗಿಸಿದ ಹರಳುಗಳನ್ನು ಅವರು ಗಾಜಿನ ಕೊಳವೆಯಲ್ಲಿಟ್ಟು ಬಾಯಿ ಬೆಸೆದು ಕಾಯಿಸಿದರು. 38 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಹರಳು ಕರಗಿತು, ಕೊಳವೆಯ ತುಂಬ ಹಳದಿ ಅನಿಲ. ತಳದಲ್ಲಿ, ಸುಮಾರು ಕಾಲು ಭಾಗ, ಭಾರವಾದ ಗಾಢ ಹಳದಿ ದ್ರವ. ಮೇಲೆ ಮುಕ್ಕಾಲು ಭಾಗ ನೀರಿನಂಥ ತಿಳಿಹಳದಿ ದ್ರವ. ಎರಡೂ ಬೆರೆಯಲಿಲ್ಲ. 21 ಡಿಗ್ರಿಗೆ ಇಳಿಸಿದಾಗ ತಿಳಿದ್ರವ ಮತ್ತೆ ಹೆಪ್ಪುಗಟ್ಟಿತು. ಮುಚ್ಚಿದ ಕೊಳವೆಯಲ್ಲಿ ಈ ಹರಳು ಸುಮಾರು 28.7 ಡಿಗ್ರಿಯವರೆಗೆ ಉಳಿಯುತ್ತದೆಂದು ಇಂದು ಗೊತ್ತಿರುವುದರಿಂದ ಆ ಎರಡೂ ಅಂಕಿಗಳು ಸರಿಯಾಗಿ ಹೊಂದುತ್ತವೆ. ಗಾಢ ದ್ರವವೇ ದ್ರವ ಕ್ಲೋರಿನ್.

ಇಂಥ ಪ್ರಯೋಗದಲ್ಲಿ ಮೂರರಲ್ಲೊಂದು ಆಗಬಹುದೆಂದು ಡೇವಿ ಎಣಿಸಿದ್ದರು: ಹರಳು ಹಾಗೇ ಕರಗೀತು, ನೀರು ವಿಭಜನೆಗೊಂಡು ಆಮ್ಲ ಹುಟ್ಟೀತು, ಕ್ಲೋರಿನ್ ಬೇರ್ಪಟ್ಟು ದ್ರವವಾದೀತು. ಮೊದಲನೆಯದು ಭೌತ, ಎರಡನೆಯದು ರಾಸಾಯನಿಕ. ಆದದ್ದು ಮೂರನೆಯದು. ಅದು ಯಾವ ಪಂಗಡ?

ಸಂಯುಕ್ತ ಒಡೆಯಿತು, ಆದ್ದರಿಂದ ರಾಸಾಯನಿಕ ಎನ್ನುವುದು ಸುಲಭದ ಉತ್ತರ. ನಾನದನ್ನು ಒಪ್ಪುವುದಿಲ್ಲ. 1952ರಲ್ಲಿ ಲೈನಸ್ ಪೌಲಿಂಗ್ ಮತ್ತು ರಿಚರ್ಡ್ ಮಾರ್ಷ್ ಈ ಹರಳಿನ ರಚನೆಯನ್ನು ಎಕ್ಸ್-ಕಿರಣಗಳಿಂದ ನಿರ್ಧರಿಸಿದರು: 46 ನೀರಿನ ಅಣುಗಳು ಸೇರಿ ಆರು ದೊಡ್ಡ, ಎರಡು ಚಿಕ್ಕ ಪಂಜರಗಳನ್ನು ಕಟ್ಟುತ್ತವೆ, ಕ್ಲೋರಿನ್ ಅಣುಗಳು ಇಡಿಯಾಗಿಯೇ ಒಳಗಿರುತ್ತವೆ. ಎಂಟೂ ತುಂಬಿದರೆ ಒಂದು ಕ್ಲೋರಿನ್‌ಗೆ 5.75 ನೀರು, ದೊಡ್ಡವಷ್ಟೇ ತುಂಬಿದರೆ 7.67. ಫ್ಯಾರಡೆಯ ಹತ್ತು ಬಹುಶಃ ಹರಳುಗಳ ನಡುವೆ ಉಳಿದ ತೇವದ ಫಲ. ನಿಯತ ಪ್ರಮಾಣವೇ ಇಲ್ಲದಾಗ ಸಂಯುಕ್ತವೆಂಬ ವಾದದ ಬುಡ ಸಡಿಲಾಗುತ್ತದೆ. ಇದೇ ಬಗೆಯ ಪಂಜರ ಮೀಥೇನಿಗೂ ಆದೀತು, ಯಾರೊಂದಿಗೂ ಸುಲಭಕ್ಕೆ ಬೆರೆಯದ ಕ್ಸೆನಾನಿಗೂ ಆದೀತು.

ಇನ್ನೊಂದು ಕಡೆ ನೋಡಿ. ಕ್ಲೋರಿನ್ ನೀರಿನಲ್ಲಿ ಬರಿದೆ ಕರಗಿದಾಗ, ಪಾಠದ ಪ್ರಕಾರ ಅದು ಭೌತ ಬದಲಾವಣೆ. ಆದರೆ 25 ಡಿಗ್ರಿಯ ಸಂತೃಪ್ತ ದ್ರಾವಣದಲ್ಲಿ ಕರಗಿದ ಕ್ಲೋರಿನ್‌ನ ಸುಮಾರು ಮೂರನೇ ಒಂದು ಪಾಲು ನೀರಿನೊಡನೆ ವರ್ತಿಸಿ ಹೈಡ್ರೊಕ್ಲೋರಿಕ್, ಹೈಪೊಕ್ಲೋರಸ್ ಆಮ್ಲಗಳಾಗಿರುತ್ತದೆ. ಒಣ ಕ್ಲೋರಿನ್‌ನಲ್ಲಿ ಬಣ್ಣ ಕಳೆದುಕೊಳ್ಳದ ಬಟ್ಟೆ ಒದ್ದೆಯಾದೊಡನೆ ಬೆಳ್ಳಗಾಗುವುದು ಇದರಿಂದಲೇ. ಅಂದರೆ ಹೊಸ ವಸ್ತುವಿನಂತೆ ಕಾಣುವ ಹರಳಿನಲ್ಲಿ ಕ್ಲೋರಿನ್ ಬದಲಾಗಿಲ್ಲ. ಏನೂ ಆಗದಂತೆ ಕಾಣುವ ದ್ರಾವಣದಲ್ಲಿ ಬದಲಾಗಿದೆ. ಹಿಂದಿರುಗಿಸಬಹುದೇ ಎಂಬ ಒರೆಗಲ್ಲೂ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಎರಡನ್ನೂ ಹಿಂದಿರುಗಿಸಬಹುದು.

ಆದ್ದರಿಂದ ಹರಳುಗಟ್ಟುವಿಕೆಯನ್ನು ಭೌತ ಬದಲಾವಣೆಯ ಕಡೆಗೆ, ಕ್ಲೋರಿನ್ ಕರಗುವಿಕೆಯನ್ನು ಅಂಶತಃ ರಾಸಾಯನಿಕದ ಕಡೆಗೆ ಸೇರಿಸಬೇಕೆಂಬುದು ನನ್ನ ವಾದ. ನೀರು ಸೇರಿಕೊಂಡ ಎಲ್ಲ ಹರಳುಗಳಿಗೂ, ಅಂದರೆ ಎಲ್ಲ ಹೈಡ್ರೇಟುಗಳಿಗೂ, ಇದನ್ನು ಹಿಗ್ಗಿಸಲಾರೆ. ಮೈಲುತುತ್ತದ ನೀಲಿಯಲ್ಲಿ ನೀರು ತಾಮ್ರಕ್ಕೇ ಬಂಧಿತವಾಗಿದೆ. ಅಣುವಿನೊಳಗಿನ ಬಂಧ ಮುರಿಯುವುದನ್ನೇ ರಾಸಾಯನಿಕತೆಯ ಗುರುತಾಗಿ ಹಿಡಿದರಷ್ಟೇ ಈ ವಾದ ನಿಲ್ಲುತ್ತದೆ. ಹೊಸ ಹರಳು ರಚನೆಯೂ ಸಾಕು ಎನ್ನುವವರಿಗೆ ಇದು ಒಪ್ಪಿಗೆಯಾಗದು. ಕ್ಲೋರಿನ್ ಮತ್ತು ಪಂಜರದ ಆಮ್ಲಜನಕದ ನಡುವೆ ದುರ್ಬಲ ಹ್ಯಾಲೊಜನ್ ಬಂಧವಿದೆಯೆಂದು ಈಚಿನ ಹರಳು ಅಧ್ಯಯನಗಳು ಸೂಚಿಸಿವೆ. ಅಂಥ ಸೆಳೆತ ಎಷ್ಟು ಬಲವಾದರೆ ಅದನ್ನು ರಾಸಾಯನಿಕ ಬಂಧವೆನ್ನಬೇಕು ಎಂಬುದು ಇನ್ನೂ ತೀರ್ಮಾನವಾಗಬೇಕಿದೆ.