ಕಾಗಿಣಾ ಸೀಮೆಯ ಊರುಗಳು ಮತ್ತು ಕುದುರೆ ವ್ಯಾಪಾರ

ಕಲಬುರಗಿ ಜಿಲ್ಲೆಯ ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ ಮತ್ತು ಶಹಾಬಾದ್‌ಗಳು ಭೀಮಾ ಕೊಳ್ಳಕ್ಕೆ ಸೇರಿದ ನೆರೆಯ ಊರುಗಳು. ಚಿಂಚೋಳಿಯ ಮುಲ್ಲಾಮಾರಿ ಹೊಳೆ ಕಾಗಿಣಾ ನದಿಯನ್ನು ಸೇರುತ್ತದೆ; ಕಾಗಿಣಾ ಮಳಖೇಡದ ಕೋಟೆಯ ಬದಿಯಲ್ಲಿ ಹರಿದು ಶಹಾಬಾದಿಗೆ ಹತ್ತಿರದ ಹೊನಗುಂಟದಲ್ಲಿ ಭೀಮೆಯನ್ನು ಕೂಡುತ್ತದೆ. ಈ ಸೀಮೆಯ ದೂರದ ವ್ಯಾಪಾರ ಇಲ್ಲಿಯ ಪೇಟೆಗಳ ಬಲದಿಂದ ಬೆಳೆದದ್ದಲ್ಲ. ರಾಜಧಾನಿ ಹತ್ತಿರ ಬಂದಾಗ ಅದು ಬಂದಿತು, ದೂರ ಸರಿದಾಗ ತಾನೂ ಸರಿಯಿತು.

ಮೊದಲ ಸಾಕ್ಷಿ ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 851ರ ಅರಬ್ಬೀ ಬರಹವೊಂದು ರಾಷ್ಟ್ರಕೂಟ ದೊರೆಯನ್ನು 'ಬಲ್ಹರಾ' ಎಂದು ಕರೆದು, ಬಗ್ದಾದ್, ಚೀನಾ ಮತ್ತು ರೂಮ್ (ಬೈಜಾಂಟಿಯಮ್) ದೇಶದ ಅರಸರ ಸಾಲಿನಲ್ಲಿ ನಿಲ್ಲಿಸುತ್ತದೆ. ಹತ್ತನೆಯ ಶತಮಾನದ ಅಲ್ ಮಸೂದಿ ಈ ನಗರವನ್ನು 'ಮಾನ್ಕೀರ್' ಎಂದು ಬರೆದಿದ್ದಾನೆ. 926ರ ಚಿಂಚಣಿ ತಾಮ್ರಪಟವು ಕರಾವಳಿಯ ಸಂಜಾನ್ ಪ್ರದೇಶವನ್ನು ರಾಷ್ಟ್ರಕೂಟರ ಪರವಾಗಿ ಆಳುತ್ತಿದ್ದ ಮಧುಮತಿ (ಮುಹಮ್ಮದ್) ಎಂಬ ತಾಜಿಕನನ್ನು, ಅಂದರೆ ಅರಬನನ್ನು, ಹೆಸರಿಸುತ್ತದೆ. ಕಡಲ ವ್ಯಾಪಾರದ ಜನರು ಆಡಳಿತದೊಳಗೂ ಸ್ಥಾನ ಪಡೆದಿದ್ದರೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿಲ್ಲ. ಹತ್ತನೆಯ ಶತಮಾನದ ಕೊನೆಗೆ ರಾಷ್ಟ್ರಕೂಟರ ಆಳ್ವಿಕೆ ಮುಗಿಯಿತು. ಬಳಿಕ ಈ ಸೀಮೆಗೆ ಹೆಸರು ತಂದದ್ದು ವಿದ್ಯೆ: ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಚಿತ್ತಾಪುರದ ಬಳಿಯ ನಾಗಾವಿ, 1058ರ ಶಾಸನ ತಿಳಿಸುವಂತೆ, ಗ್ರಂಥಭಂಡಾರವುಳ್ಳ ಘಟಿಕಾಸ್ಥಾನವಾಗಿ (ಉನ್ನತ ವಿದ್ಯಾಕೇಂದ್ರವಾಗಿ) ಹೆಸರು ಪಡೆಯಿತು.

1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ರಾಜಧಾನಿಯಾದಾಗ ಈ ಸೀಮೆ ಮತ್ತೆ ಕಡಲಿನ ವ್ಯವಹಾರದೊಳಗೆ ಬಂದಿತು. ಅದರ ಮುಖ್ಯ ಸರಕು ಕುದುರೆ. ದಖ್ಖನ್ನಿನಲ್ಲಿ ಯುದ್ಧಕ್ಕೆ ಒಗ್ಗುವ ಒಳ್ಳೆಯ ತಳಿ ಸಾಕಷ್ಟು ದೊರೆಯದ ಕಾರಣ ಅರೇಬಿಯ ಮತ್ತು ಪರ್ಷಿಯದ ಕುದುರೆಗಳು ಹೋರ್ಮುಜ್ ಮೊದಲಾದ ಬಂದರುಗಳಿಂದ ಕೊಂಕಣ ಕರಾವಳಿಯ ಚೌಲ್, ದಾಭೋಳಗಳಿಗೆ ಬಂದಿಳಿದು, ಘಟ್ಟ ಹತ್ತಿ ಒಳನಾಡಿಗೆ ಸಾಗುತ್ತಿದ್ದವು. ಫಿರೋಜ್ ಶಾಹನು (1397–1422) ಪ್ರತಿವರ್ಷ ಗೋವಾ ಮತ್ತು ಚೌಲ್‌ಗಳಿಂದ ಹಡಗುಗಳನ್ನು ಕಳಿಸಿ, ಅಪರೂಪದ ವಸ್ತುಗಳ ಜೊತೆಗೆ ವಿದ್ವಾಂಸರನ್ನೂ ಕರೆಸಿಕೊಳ್ಳುತ್ತಿದ್ದನೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಭೀಮೆಯ ದಂಡೆಯ ಫಿರೋಜಾಬಾದ್ ಇವನೇ ಕಟ್ಟಿಸಿದ ಅರಮನೆ ನಗರ.

ಅವನ ನಂತರ ಪಟ್ಟಕ್ಕೆ ಬಂದ ಅಹಮದ್ ಶಾಹನು ರಾಜಧಾನಿಯನ್ನು ಬೀದರಿಗೆ ಒಯ್ದನು. ಚಿಂಚೋಳಿ ಮತ್ತು ಸೇಡಂ ಬೀದರಿನ ದಕ್ಷಿಣಕ್ಕಿರುವುದರಿಂದ ಹೊಸ ರಾಜಧಾನಿಗೂ ಭೀಮೆಗೂ ನಡುವಿನ ನೆಲವಾದವು. 1470ರ ಸುಮಾರಿಗೆ ಬಂದ ರಷ್ಯದ ವರ್ತಕ ಅಫನಾಸಿ ನಿಕಿತಿನ್ ಹಡಗಿನಲ್ಲಿ ತಂದಿದ್ದ ಒಂದೇ ಕುದುರೆಯನ್ನು ಬೀದರಿನಲ್ಲಿ ಮಾರಿದನು. ಅದಕ್ಕೂ ಮುನ್ನ ಜುನ್ನರಿನ ಅಧಿಕಾರಿ ಅದನ್ನು ಕಸಿದುಕೊಂಡು ಮತ್ತೆ ಬಿಟ್ಟುಕೊಟ್ಟಿದ್ದನು. ಇದೇ ಜಿಲ್ಲೆಯ ಆಳಂದದಲ್ಲಿ ಸೂಫಿ ಸಂತ ಅಲಾವುದ್ದೀನರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ನಡೆಯುವ ಜಾತ್ರೆಗೆ 20,000 ಕುದುರೆಗಳು ಮಾರಾಟಕ್ಕೆ ಬರುತ್ತವೆಂದು ಅವನು ಬರೆದಿದ್ದಾನೆ. ಸಂಖ್ಯೆಯಲ್ಲಿ ಪ್ರವಾಸಿಯ ಉತ್ಪ್ರೇಕ್ಷೆ ಇರಬಹುದು. ಆದರೆ ಉರುಸೂ ಸಂತೆಯೂ ಒಂದೇ ಅಂಗಳದಲ್ಲಿ ಕೂಡುತ್ತಿದ್ದುದು ಈ ಭಾಗದವರಿಗೆ ಇಂದಿಗೂ ಅಚ್ಚರಿಯ ವಿಷಯವಲ್ಲ. ಕುದುರೆಗಳ ಜೊತೆಗೆ ಜನರೂ ಹೊರಗಿನಿಂದ ಬಂದರು: ಕ್ಯಾಸ್ಪಿಯನ್ ತೀರದ ಗಿಲಾನಿನಿಂದ ವರ್ತಕನಾಗಿ ಬಂದ ಮಹಮೂದ್ ಗವಾನ್ ಮಂತ್ರಿಯಾಗಿ 1472ರಲ್ಲಿ ಬೀದರಿನ ಮದರಸಾವನ್ನು ಕಟ್ಟಿಸಿದನು. ಹೊರನಾಡಿನಿಂದ ಬಂದ 'ಅಫಾಕಿ'ಗಳಿಗೂ ಇಲ್ಲಿಯೇ ನೆಲೆನಿಂತ 'ದಖ್ಖನಿ'ಗಳಿಗೂ ಇದ್ದ ಹಗೆಯೇ 1481ರಲ್ಲಿ ಅವನ ಪ್ರಾಣ ತೆಗೆಯಿತು. ಬಹಮನಿ ರಾಜ್ಯವೂ ಹೆಚ್ಚು ಕಾಲ ಒಂದಾಗಿ ಉಳಿಯಲಿಲ್ಲ.

ಈ ಚರಿತ್ರೆಯಲ್ಲಿ ವಾಡಿಗೆ ಪಾಲಿಲ್ಲವೆಂದೇ ಹೇಳಬೇಕು. ಅದರ ಹೆಸರು ದೂರಕ್ಕೆ ಹಬ್ಬಿದ್ದು ರೈಲಿನಿಂದ. ಮುಂಬಯಿ ಕಡೆಯ ಹಳಿ 1871ರಲ್ಲಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ನಿಜಾಮರ ರೈಲು ಮಾರ್ಗ ವಾಡಿಯಿಂದ ಸಿಕಂದರಾಬಾದಿಗೆ ತೆರೆಯಿತು. ಆ ಮೇಲೆ ಈ ಸೀಮೆಯಿಂದ ದೂರದ ಊರುಗಳಿಗೆ ಹೋದ ಸರಕುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹೆಸರಾದದ್ದು ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು.